ನನ್ನ ಪ್ರಾಣವು ನನ್ನೊಬ್ಬನದೋ?



ಉಕ್ಕಿ ಹರಿಯುವ ಹೊಳೆಯ ದಡದಲ್ಲಿ ಒಬ್ಬನು ನಿಂತಿದ್ದಾನೆಂದು ನೆನಸಿರಿ. ಜೊತೆಯವರು ಅವನ ಕೈ ಹಿಡಿದು, "ಈಗ ಇಳಿಯಬೇಡ, ನೀರು ತಗ್ಗಲಿ" ಎಂದು ಹೇಳುತ್ತಾರೆ. ಅವನಾದರೋ, "ಮುಳುಗಿದರೆ ಮುಳುಗುವವನು ನಾನೇ ಅಲ್ಲವೇ? ಪ್ರಾಣ ನನ್ನದು, ನಿಮಗೇನು?" ಎಂದು ಕೈ ಕೊಡವಿಕೊಂಡು ಇಳಿಯುತ್ತಾನೆ. ಇಂಥ ಮಾತನ್ನು ನಾವೆಲ್ಲರೂ ಒಂದಿಲ್ಲೊಂದು ಸಮಯದಲ್ಲಿ ಕೇಳಿದ್ದೇವೆ. ನಮ್ಮಲ್ಲಿ ಕೆಲವರು ಆಡಿಯೂ ಇದ್ದೇವೆ. ಕೇಳುವದಕ್ಕೆ ಅದು ಧೈರ್ಯದ ಮಾತಾಗಿಯೂ ನ್ಯಾಯದ ಮಾತಾಗಿಯೂ ತೋರುತ್ತದೆ. ಪರರ ಸೊತ್ತನ್ನು ಪಣಕ್ಕೆ ಇಡುವವನು ತಪ್ಪಿತಸ್ಥನು, ತನ್ನ ಸೊತ್ತನ್ನೇ ಪಣಕ್ಕೆ ಇಡುವವನನ್ನು ಕೇಳುವವರು ಯಾರು? ಆದರೆ ಪ್ರಾಣವೆಂಬದು ಹೊಲದ ಹಾಗೆ, ಎತ್ತಿನ ಹಾಗೆ ಒಬ್ಬನ ಸೊತ್ತೋ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ವಿಚಾರಿಸುವ.

ಬರಿಯ ಮಾತಿನಿಂದ ಮಾತನ್ನು ಅಳೆಯುವದು ಕಷ್ಟ. ಆದಕಾರಣ ದೂರದ ಒಂದು ದ್ವೀಪದಲ್ಲಿರುವ ಒಂದು ಕಾಲುಹಾದಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳುವೆವು. ಯಾಕಂದರೆ ಈ ಪ್ರಶ್ನೆಯು ಆ ಹಾದಿಯಲ್ಲಿ ಎದ್ದಷ್ಟು ಸ್ಪಷ್ಟವಾಗಿ ಬೇರೆ ಕಡೆಯಲ್ಲಿ ಏಳುವದು ವಿರಳ.

ಶಾಂತಸಾಗರದ ನಡುವೆ ಹವಾಯಿ ಎಂಬ ದ್ವೀಪಸಮೂಹ ಉಂಟು. ಅದರ ದೊಡ್ಡ ದ್ವೀಪಗಳೊಳಗೆ ಉತ್ತರದ ಕಡೆಗಿರುವ ಕೌವಾಯಿ ಎಂಬದು ಬಹು ಹಳೆಯದು. ಸುಮಾರು 50 ಲಕ್ಷ ವರುಷಗಳ ಹಿಂದೆ ಸಮುದ್ರದೊಳಗಿಂದ ಎದ್ದ ಬೆಂಕಿಯ ಬೆಟ್ಟವೇ ಅದಾಗಿದೆ. ಬೆಂಕಿಯು ಆರಿ ಎಷ್ಟೋ ಕಾಲವಾಯಿತು. ಆಮೇಲೆ ಮಳೆಯೂ ತೆರೆಗಳೂ ಆ ಬೆಟ್ಟವನ್ನು ಕೊರೆದು ಕೊರೆದು ಈಗಿನ ರೂಪಕ್ಕೆ ತಂದಿವೆ. ದ್ವೀಪದ ನಡುವಿನಲ್ಲಿ 5148 ಅಡಿ ಎತ್ತರದ ವೈಯಲೆಯಲೆ ಎಂಬ ಶಿಖರವಿದೆ. ಅಲ್ಲಿ ವರುಷಕ್ಕೆ ಸರಾಸರಿ 9000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಆಗುಂಬೆಯ ಮಳೆಯನ್ನು ಕಂಡವರಿಗೆ, ಅದಕ್ಕಿಂತಲೂ ಹೆಚ್ಚಿನ ಮಳೆ ಎಂದರೆ ಏನೆಂಬದು ತಿಳಿದೀತು.

ಈ ದ್ವೀಪದ ವಾಯವ್ಯದ ಕರಾವಳಿಗೆ ನಾ ಪಾಲಿ ಎಂದು ಹೆಸರು. ಆ ದೇಶದ ಭಾಷೆಯಲ್ಲಿ ಇದಕ್ಕೆ ಕಡಿಬಂಡೆಗಳು ಎಂದರ್ಥ. ಹೆಸರಿಗೆ ತಕ್ಕಂತೆ ಅಲ್ಲಿ ಬೆಟ್ಟದ ಗೋಡೆಗಳು ಸಮುದ್ರದಿಂದ ನೆಟ್ಟಗೆ ಮೇಲಕ್ಕೆ ಎದ್ದಿವೆ. ಕೆಲವು ಕಡೆ ಅವುಗಳ ಎತ್ತರವು 4000 ಅಡಿ. ಗೋಡೆಗಳ ಮೈಯೆಲ್ಲಾ ಹಸುರು, ನಡುನಡುವೆ ಕೆಂಪು ಮಣ್ಣು, ಬಿರುಕು ಬಿರುಕಿನಲ್ಲಿ ಬಿಳಿಯ ನೂಲಿನಂತೆ ಇಳಿಯುವ ಝರಿಗಳು, ಕೆಳಗೆ ನೀಲಿಯ ಸಾಗರ. ಅಲ್ಲಿ ಗಾಡಿಯ ರಸ್ತೆಯನ್ನು ಮಾಡುವದು ಸಾಧ್ಯವಾಗಲಿಲ್ಲ. ಕೇಯೆ ಎಂಬ ಕಡಲತೀರದಲ್ಲಿ ರಸ್ತೆ ನಿಂತುಹೋಗುತ್ತದೆ. ಅಲ್ಲಿಂದ ಕಲಲಾವು ಎಂಬ ಕಣಿವೆಯ ವರೆಗೆ 11 ಮೈಲು ಉದ್ದದ ಕಾಲುಹಾದಿ ಮಾತ್ರ ಇದೆ. ಹೋಗಿಬರುವದಕ್ಕೆ 22 ಮೈಲು. ಈ ಹಾದಿಯು ಐದು ಕಣಿವೆಗಳಿಗೆ ಇಳಿದು ಏರಿ, ಏರಿ ಇಳಿದು ಸಾಗುತ್ತದೆ. ಏಳನೆಯ ಮೈಲಿನ ಹತ್ತಿರ ಅದು ಬಂಡೆಯ ಅಂಚಿಗೆ ಬಂದು ಬಹಳ ಕಿರಿದಾಗುತ್ತದೆ. ಎಡಕ್ಕೆ ಬೆಟ್ಟ, ಬಲಕ್ಕೆ ನೂರಾರು ಅಡಿ ಕೆಳಗೆ ಸಮುದ್ರ. ತೆವಳುವವರ ಅಂಚು ಎಂಬ ಅರ್ಥದ ಹೆಸರನ್ನು ನಡೆಯುವವರು ಆ ಸ್ಥಳಕ್ಕೆ ಇಟ್ಟಿದ್ದಾರೆ.

ಈ ಹಾದಿಯು ವಿನೋದಕ್ಕಾಗಿ ಹುಟ್ಟಿದ್ದಲ್ಲ. ಪೂರ್ವಕಾಲದಲ್ಲಿ ಆ ಕಣಿವೆಗಳಲ್ಲಿ ಹವಾಯಿಯ ಮೂಲನಿವಾಸಿಗಳು ವಾಸಿಸುತ್ತಿದ್ದರು. ಅವರು ಕಲ್ಲಿನ ಕಟ್ಟೆಗಳನ್ನು ಕಟ್ಟಿ, ಹೊಳೆಯ ನೀರನ್ನು ತಿರುಗಿಸಿ, ನಾವು ಭತ್ತದ ಗದ್ದೆ ಮಾಡುವ ರೀತಿಯಲ್ಲಿ ಕೆಸುವಿನ ಗದ್ದೆಗಳನ್ನು ಮಾಡಿ, ಅದರ ಗೆಡ್ಡೆಯನ್ನು ಆಹಾರಮಾಡಿಕೊಂಡರು. ಆ ಊರುಗಳನ್ನು ಕೂಡಿಸುವ ಕಾಲುದಾರಿಗಳು ಮೊದಲೇ ಇದ್ದವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಾದಿಯನ್ನು ಕಟ್ಟಿದರು. 1930ರ ದಶಕದಲ್ಲಿ ಕೆಲವು ಭಾಗಗಳನ್ನು ತಿರಿಗಿ ಕಟ್ಟಲಾಯಿತು. 20ನೆಯ ಶತಮಾನದ ಮೊದಲ ಭಾಗದಲ್ಲಿ ಜನರು ಆ ಕಣಿವೆಗಳನ್ನು ಬಿಟ್ಟು ಹೋದರು. ಗದ್ದೆಯ ಕಟ್ಟೆಗಳು ಈಗಲೂ ಗಿಡಗಳೊಳಗೆ ಕಾಣುತ್ತವೆ. ಈಗ ಆ ಹಾದಿಯಲ್ಲಿ ನಡೆಯುವವರು ಅನ್ನಕ್ಕಾಗಿ ಅಲ್ಲ, ನೆಂಟರ ಮನೆಗೆ ಅಲ್ಲ, ಕಣ್ಣಿನ ಸಂತೋಷಕ್ಕಾಗಿ ನಡೆಯುತ್ತಾರೆ.

ಇಲ್ಲಿ ಒಬ್ಬ ವಾಚಕನು, "ಹಾಗಾದರೆ ಪ್ರಶ್ನೆ ತೀರಿಹೋಯಿತಲ್ಲ! ಹೊಟ್ಟೆಯ ಪಾಡಿಗಾಗಿ ಅಪಾಯಕ್ಕೆ ಹೋಗುವವನು ನಿರ್ದೋಷಿ, ಬರಿಯ ನೋಟಕ್ಕಾಗಿ ಹೋಗುವವನು ಮೂರ್ಖನು" ಎಂದು ಹೇಳಬಹುದು. ನಾನು ಹಾಗೆ ಹೇಳಲಾರೆನು. ದಿನವಿಡೀ ಬಗ್ಗಿ ದುಡಿಯುವ ಮನುಷ್ಯನಿಗೆ ಒಂದು ದಿವಸ ತಲೆಯೆತ್ತಿ ನೋಡುವದು ಬೇಡವೇ? ಎತ್ತಿಗೆ ಹುಲ್ಲು ಸಿಕ್ಕಿದರೆ ಸಾಕು. ಮನುಷ್ಯನಿಗೆ ಅಷ್ಟೇ ಸಾಲದು. ಬೆಟ್ಟದ ತುದಿಯಲ್ಲಿ ನಿಂತು ಸಮುದ್ರವನ್ನು ನೋಡಿ ಮಾತು ನಿಂತುಹೋದವನು ತನ್ನ ಅಲ್ಪತ್ವವನ್ನು ಅರಿತುಕೊಂಡು ಮನೆಗೆ ಬರುತ್ತಾನೆ, ಮತ್ತು ಆ ಅರಿವು ಅವನಿಗೆ ಒಳ್ಳೇದು. ಅಷ್ಟು ಮಾತ್ರವಲ್ಲ, ಕಾಲು ಸೋತರೂ ನಡೆಯುವದು, ಭಾರ ಹೊರುವದು, ಹಸಿವನ್ನು ತಾಳುವದು, ಇವೂ ಮನುಷ್ಯನನ್ನು ತಿದ್ದುತ್ತವೆ. ಆದಕಾರಣ ನೋಟಕ್ಕಾಗಿ ನಡೆದದ್ದು ತಪ್ಪಲ್ಲ. ಸ್ವಲ್ಪ ಅಪಾಯವಿದ್ದ ಮಾತ್ರಕ್ಕೆ ಒಂದು ಕೆಲಸ ಕೆಟ್ಟದ್ದಾಗುವದಿಲ್ಲ. ಹಾಗಾಗುವದಾದರೆ ದೋಣಿಯೇರುವ ಮೀನುಗಾರನೂ ತೆಂಗಿನ ಮರವನ್ನು ಹತ್ತುವವನೂ ಪ್ರತಿದಿನ ತಪ್ಪು ಮಾಡಿದಂತಾಗುವದು.

ಪ್ರಶ್ನೆ ಇರುವದು ಮುಂದೆ, ಎರಡನೆಯ ಮೈಲಿನಲ್ಲಿ. ಅಲ್ಲಿ ಹನಕಾಪಿಯಾಯಿ ಎಂಬ ಹೊಳೆಯೂ ಅದು ಕಡಲು ಸೇರುವಲ್ಲಿ ಒಂದು ಸಣ್ಣ ತೀರವೂ ಇವೆ. ಬಿಸಿಲಿನಲ್ಲಿ ನಡೆದು ಬಂದವನಿಗೆ ಆ ನೀರು ಕರೆದ ಹಾಗೆ ಕಾಣುತ್ತದೆ. ಆದರೆ ತೆರೆಗಳನ್ನು ತಡೆಯುವ ಹವಳದ ದಿಬ್ಬವು ಆ ತೀರದ ಮುಂದೆ ಇಲ್ಲ. ದಡಕ್ಕೆ ಬಡಿದ ನೀರು ಹಿಂದಕ್ಕೆ ಹೋಗುವಾಗ ಬಲವಾದ ಸೆಳೆತವಾಗಿ, ಈಸುವವನನ್ನು ಎಳೆದುಕೊಂಡು ಹೋಗುತ್ತದೆ. ಎರಡು ಪಕ್ಕದಲ್ಲಿಯೂ ಕಡಿಬಂಡೆಯೇ ಇರುವದರಿಂದ ಬೇರೆ ಕಡೆ ದಡ ಹತ್ತುವದಕ್ಕೆ ಸ್ಥಳವಿಲ್ಲ. ಚಳಿಗಾಲದ ತೆರೆಗಳು ಅಲ್ಲಿಯ ಮರಳನ್ನೇ ಹೊತ್ತುಕೊಂಡು ಹೋಗಿ ಬರಿಯ ಕಲ್ಲುಗುಂಡುಗಳನ್ನು ಬಿಡುತ್ತವೆ. ಯಾರೋ ಅಲ್ಲಿ ಒಂದು ಮರದ ಹಲಗೆಯನ್ನು ನಿಲ್ಲಿಸಿ, ನೀರಿನ ಹತ್ತಿರ ಹೋಗಬೇಡಿರಿ ಎಂಬ ಎಚ್ಚರಿಕೆಯನ್ನು ಕೆತ್ತಿ, ಮುಳುಗಿದವರ ಲೆಕ್ಕಕ್ಕೆ ನಾವು ಗೋಡೆಯ ಮೇಲೆ ಗೀರು ಹಾಕುವ ಹಾಗೆ ಗೀರುಗಳನ್ನು ಹಾಕಿದ್ದರು. ಅನೇಕ ವರುಷ ಆ ಹಲಗೆಯನ್ನು ದಾಟಿಯೇ ಜನರು ನೀರಿಗೆ ಇಳಿದರು. ಪ್ರತಿಯೊಬ್ಬನೂ ಆ ಗೀರುಗಳು ಬೇರೆಯವರವು ಎಂದು ಎಣಿಸಿದನು. ಗೀರಾದವರೂ ಒಂದು ದಿವಸ ಹಾಗೆಯೇ ಎಣಿಸಿ ಇಳಿದವರೆಂಬದು ಯಾರಿಗೂ ತೋಚಲಿಲ್ಲ.

ಹೊಳೆಯ ಅಪಾಯವು ಇನ್ನೂ ಮೋಸದ್ದು. ಕಡಲತೀರದಲ್ಲಿ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆ ಸುರಿದರೆ, ಸ್ವಲ್ಪ ಹೊತ್ತಿನಲ್ಲೇ ಹೊಳೆ ಏರಿಬರುತ್ತದೆ. ಘಟ್ಟದ ಕೆಳಗಿನ ಹಳ್ಳಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಮೊಣಕಾಲಿನ ವರೆಗೆ ಇದ್ದ ನೀರು ಸಾಯಂಕಾಲಕ್ಕೆ ಎದೆಯನ್ನು ಮೀರುತ್ತದೆ. 2013ನೆಯ ಇಸವಿಯ ಫೆಬ್ರವರಿಯಲ್ಲಿ ಹೀಗೆ ಏರಿದ ಹೊಳೆಯನ್ನು ದಾಟುವದಕ್ಕೆ ಹೋದ ಒಬ್ಬ ಸ್ತ್ರೀಯನ್ನು ನೀರು ಕೊಂಡುಹೋಯಿತು. 2014ನೆಯ ಇಸವಿಯ ಏಪ್ರಿಲಿನಲ್ಲಿ ಹೊಳೆ ತಿರಿಗಿ ಉಕ್ಕಿ, 120ಕ್ಕೂ ಹೆಚ್ಚು ಜನರು ಆಚೆಯ ದಡದಲ್ಲಿ ಸಿಕ್ಕಿಬಿದ್ದು, ರಾತ್ರಿಯನ್ನು ಅಲ್ಲಿಯೇ ಕಳೆಯಬೇಕಾಯಿತು. ಅಗ್ನಿಶಾಮಕ ದಳದವರು ಹೆಲಿಕಾಪ್ಟರಿನಲ್ಲಿ ಹೋಗಿ ಅವರನ್ನು ಈಚೆಗೆ ತಂದರು.

ವಾಚಕರೇ, ಆ ಹೆಲಿಕಾಪ್ಟರಿನಲ್ಲಿ ಕುಳಿತವನನ್ನು ನೆನಸಿರಿ. ನಮ್ಮ ಪ್ರಶ್ನೆಯ ಉತ್ತರವು ಅವನ ಕೈಯಲ್ಲಿದೆ. ಅವನು ಆ ದಿವಸ ನೋಟ ನೋಡಲು ಹೊರಟವನಲ್ಲ. ಅವನಿಗೂ ಹೆಂಡತಿ ಮಕ್ಕಳಿರಬಹುದು. ಕಡಿಬಂಡೆಗಳ ನಡುವೆ, ಮಳೆಯಲ್ಲಿ, ಗಾಳಿಯಲ್ಲಿ, ಒಂದು ಹಗ್ಗದ ತುದಿಯಲ್ಲಿ ತೂಗುತ್ತಾ ಇಳಿಯುವಾಗ ಅವನ ಪ್ರಾಣವೂ ಆ ಹಗ್ಗದಲ್ಲಿಯೇ ಇರುತ್ತದೆ. "ಪ್ರಾಣ ನನ್ನದು, ನಿಮಗೇನು?" ಎಂದು ಹೇಳಿ ನೀರಿಗೆ ಇಳಿದವನು ತನ್ನ ಪ್ರಾಣವನ್ನು ಮಾತ್ರ ಪಣಕ್ಕಿಟ್ಟೆನೆಂದು ತಿಳಿದನು. ಆದರೆ ತಾನು ಕಾಣದ, ಹೆಸರು ಕೂಡಾ ತಿಳಿಯದ ಇನ್ನೊಬ್ಬನ ಪ್ರಾಣವನ್ನು, ಅವನನ್ನು ಕೇಳದೆಯೇ, ತನ್ನದರ ಜೊತೆಗೆ ಪಣಕ್ಕಿಟ್ಟನು.

"ನನ್ನನ್ನು ರಕ್ಷಿಸಿರೆಂದು ನಾನು ಕೇಳಲಿಲ್ಲವಲ್ಲ, ಅವರು ಬಾರದೆ ಇರಲಿ" ಎಂದು ಅವನು ಹೇಳಿದರೋ? ಈ ಮಾತು ನ್ಯಾಯವೆಂದು ತೋರಿದರೂ ನಡೆಯತಕ್ಕ ಮಾತಲ್ಲ. ನೀರಿನಲ್ಲಿ ಒಬ್ಬನು ಕೈ ಎತ್ತಿ ಮುಳುಗುತ್ತಿರುವಾಗ, ಇವನು ತಪ್ಪಿನಿಂದ ಬಿದ್ದನೋ ಹಟದಿಂದ ಬಿದ್ದನೋ ಎಂದು ವಿಚಾರಣೆಮಾಡಿ ಆಮೇಲೆ ಹಗ್ಗವನ್ನು ಎಸೆಯುವ ಊರು ಇರಲಾರದು. ಇದ್ದರೆ ಅದು ಮನುಷ್ಯರ ಊರಲ್ಲ. ನಾವು ಒಬ್ಬರನ್ನೊಬ್ಬರು ಬಿಡಲಾರದವರಾಗಿ ಕಟ್ಟಲ್ಪಟ್ಟಿದ್ದೇವೆ. ಈ ಕಟ್ಟು ರಕ್ಷಿಸುವವನ ಮೇಲೆ ಇರುವಷ್ಟೇ ಅಪಾಯಕ್ಕೆ ಹೋಗುವವನ ಮೇಲೆಯೂ ಇದೆ. ನಾನು ಬಿದ್ದರೆ ನನ್ನ ನೆರೆಯವನು ಬಾರದೆ ಇರಲಾರನೆಂದು ನನಗೆ ಗೊತ್ತಿದ್ದ ಮೇಲೆ, ಅವನ ಆ ಒಳ್ಳೇತನವನ್ನು ಲಕ್ಷಿಸದೆ ನಾನು ಬೀಳುವದಕ್ಕೆ ಹೋದರೆ, ಅವನ ಒಳ್ಳೇತನವನ್ನೇ ಅವನಿಗೆ ಉರುಲಾಗಿ ಮಾಡಿದೆನು.

ಇನ್ನು ಕೆಲವರು, "ಹಾಗಾದರೆ ರಕ್ಷಿಸಲ್ಪಟ್ಟವನಿಂದ ಖರ್ಚನ್ನು ವಸೂಲು ಮಾಡಿರಿ, ಆಗ ಬುದ್ಧಿ ಬರುವದು" ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ನ್ಯಾಯವಿದೆ. ಆದರೆ ಎರಡು ತೊಡಕುಗಳೂ ಇವೆ. ಮೊದಲನೆಯದು, ಹಣವಿಲ್ಲದವನು ಸಾಲಕ್ಕೆ ಹೆದರಿ ಸಹಾಯಕ್ಕೆ ಕೂಗುವದನ್ನು ತಡಮಾಡುವನು. ಒಂದು ತಾಸು ತಡವಾದರೆ ಸುಲಭವಾದ ರಕ್ಷಣೆಯು ಕಠಿಣವಾಗುವದು, ಕಠಿಣವಾದದ್ದು ಶವವನ್ನು ಹುಡುಕುವ ಕೆಲಸವಾಗುವದು. ಎರಡನೆಯದು, ಹಣವುಳ್ಳವನು ಬೆಲೆ ಕೊಟ್ಟೆನೆಂದು ನಿಶ್ಚಿಂತನಾಗುವನು. ಹಗ್ಗದ ತುದಿಯಲ್ಲಿ ತೂಗಿದವನ ಪ್ರಾಣಕ್ಕೆ ಬೆಲೆ ಕಟ್ಟಿ ರಸೀತಿ ಬರೆಯುವವರು ಯಾರು? ಆದಕಾರಣ ಹಣದಿಂದ ಈ ಸಾಲ ತೀರುವದಿಲ್ಲ. ಮಾಡದೆ ಇರುವದೇ ಈ ಸಾಲಕ್ಕೆ ಉಪಾಯ.

ಇಷ್ಟರ ವರೆಗೆ ವಿಷಯವು ಸರಳವಾಗಿ ತೋರುತ್ತದೆ: ನನ್ನ ಪ್ರಾಣವು ನನ್ನೊಬ್ಬನದಲ್ಲ, ಆದಕಾರಣ ಬೇರೆಯವರ ಕ್ಷೇಮಕ್ಕಾಗಿ ನಾನು ನನ್ನ ಇಷ್ಟವನ್ನು ತಡೆಯಬೇಕು. ಆದರೆ ಅದೇ ಹಾದಿಯ ಕೊನೆಯಲ್ಲಿರುವ ಕಲಲಾವು ಕಣಿವೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಬಿಟ್ಟು ಈ ಲೇಖವನ್ನು ಮುಗಿಸಿದರೆ ನಾನು ಪ್ರಾಮಾಣಿಕನಾಗಲಾರೆನು. ಯಾಕಂದರೆ ಅದು ನಮ್ಮ ತೀರ್ಮಾನವನ್ನೇ ಪರೀಕ್ಷೆಗೆ ಒಳಪಡಿಸುತ್ತದೆ.

ಹವಾಯಿ ರಾಜ್ಯದಲ್ಲಿ 1865ನೆಯ ಇಸವಿಯಲ್ಲಿ ಕುಷ್ಠರೋಗವನ್ನು ತಡೆಯುವದಕ್ಕೆ ಒಂದು ಕಾನೂನು ಆಯಿತು. ಅದರ ಪ್ರಕಾರ ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ, 1866ರಿಂದ ಮೊಲೊಕಾಯಿ ದ್ವೀಪದ ಕಲಾವುಪಾಪ ಎಂಬ ಸ್ಥಳಕ್ಕೆ ಕಳುಹಿಸುತ್ತಾ ಬಂದರು. ಕಾನೂನು ಹೇಳಿದ್ದೇನು? ನೀನು ನಿನ್ನೊಬ್ಬನವನಲ್ಲ, ಬೇರೆಯವರ ಕ್ಷೇಮಕ್ಕಾಗಿ ನೀನು ಹೋಗಬೇಕು ಎಂಬದೇ. ನಾವು ಈಗ ಹೇಳಿದ ಮಾತನ್ನೇ ಅದೂ ಹೇಳಿತು.

ಕೌವಾಯಿ ದ್ವೀಪದಲ್ಲಿ ದನ ಕಾಯುವ ಕೆಲಸದವನಾದ ಕೋವೊಲಾವು ಎಂಬವನಿಗೂ ಅವನ ಚಿಕ್ಕ ಮಗನಿಗೂ ಈ ರೋಗ ಹತ್ತಿತು. ಹೆಂಡತಿಯಾದ ಪಿಯಿಲಾನಿಯು ಆರೋಗ್ಯವಂತಳು. ಹೆಂಡತಿ ಜೊತೆಗೆ ಬರುವದಾದರೆ ತಾನು ಹೋಗುವೆನೆಂದು ಅವನು ಹೇಳಿದನು, ಅದಕ್ಕೆ ಅಪ್ಪಣೆಯಾಗಲಿಲ್ಲ. ಆಗ ಆ ಮೂವರೂ ರಾತ್ರಿಯಲ್ಲಿ ಬೆಟ್ಟವನ್ನು ದಾಟಿ, ಕಡಿಬಂಡೆಯನ್ನು ಇಳಿದು, ಕಲಲಾವು ಕಣಿವೆಯನ್ನು ಸೇರಿದರು. 1893ನೆಯ ಇಸವಿಯಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಿಮಾಡಿ ಹೊಸ ಸರಕಾರ ಬಂತು. ಆ ವರುಷದ ಜೂನಿನಲ್ಲಿ ಅವನನ್ನು ಹಿಡಿಯಲು ಬಂದ ಅಧಿಕಾರಿಯನ್ನು ಅವನು ಗುಂಡಿಟ್ಟು ಕೊಂದನು. ಆಮೇಲೆ ಫಿರಂಗಿಯೊಡನೆ ಸಿಪಾಯಿಗಳು ಬಂದರು. ಅವರಲ್ಲಿಯೂ ಕೆಲವರು ಸತ್ತರು. ಅವನು ಸಿಕ್ಕಲಿಲ್ಲ. ಆ ಮೂವರೂ ಕಣಿವೆಯಲ್ಲಿ ವರುಷಗಟ್ಟಳೆ ಅಡಗಿದ್ದರು. ಮೊದಲು ಮಗನು ಸತ್ತನು, ಆಮೇಲೆ ಗಂಡನು ಸತ್ತನು. ಇಬ್ಬರನ್ನೂ ಪಿಯಿಲಾನಿಯು ತನ್ನ ಕೈಯಿಂದಲೇ ಅಗೆದು ಮಣ್ಣುಮಾಡಿ, ಒಬ್ಬಳೇ ಬೆಟ್ಟವನ್ನು ಹತ್ತಿ ಊರಿಗೆ ಹಿಂದಿರುಗಿದಳು. ಅವಳು ಹೇಳಿದ ವೃತ್ತಾಂತವು 1906ರಲ್ಲಿ ಹವಾಯಿಯ ಭಾಷೆಯಲ್ಲಿಯೇ ಪುಸ್ತಕವಾಗಿ ಅಚ್ಚಾಯಿತು. ವರುಷಗಟ್ಟಳೆ ರೋಗಿಗಳೊಡನೆ ಉಂಡು ಮಲಗಿದರೂ ಅವಳಿಗೆ ರೋಗ ಹತ್ತಲಿಲ್ಲ.

ಹೆಚ್ಚಿನ ಮನುಷ್ಯರ ಶರೀರಕ್ಕೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆಯೆಂದು ಈಗ ನಮಗೆ ತಿಳಿದಿದೆ; ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯಿಂದ ರೋಗವು ಪೂರ್ಣವಾಗಿ ವಾಸಿಯಾಗುತ್ತದೆ. ಕುಷ್ಠರೋಗಿಯನ್ನು ಮನೆಯಿಂದ ಹೊರಗೆ ಹಾಕುವ ಕಾರಣವೇ ಇಲ್ಲ. ಆದರೆ ಹವಾಯಿಯಲ್ಲಿ ಆ ಕಾನೂನನ್ನು ತೆಗೆದದ್ದು 1969ರಲ್ಲಿ. ಅಷ್ಟರೊಳಗೆ ಸುಮಾರು 8000 ಜನರನ್ನು ಅಲ್ಲಿಗೆ ಕಳುಹಿಸಿದ್ದರು. ನಮ್ಮ ಹಳ್ಳಿಗಳಲ್ಲಿಯೂ ಈ ರೋಗದ ಹೆಸರು ಕೇಳಿದ ಕೂಡಲೇ ಬಾಗಿಲು ಮುಚ್ಚಿದ ಮನೆಗಳು ಎಷ್ಟೋ ಇದ್ದವು. ಆದದರಿಂದ ದೂರದವರನ್ನು ನೋಡಿ ತಲೆಯಾಡಿಸುವ ಅಧಿಕಾರ ನಮಗಿಲ್ಲ.

ಈಗ ನೋಡಿರಿ, ಪ್ರಶ್ನೆಯು ಎಷ್ಟು ಕಠಿಣವಾಯಿತು! "ಪ್ರಾಣವು ನಿನ್ನೊಬ್ಬನದಲ್ಲ" ಎಂಬ ಮಾತಿನಿಂದಲೇ ಒಬ್ಬ ಗಂಡನನ್ನು ಹೆಂಡತಿಯಿಂದ ಬೇರ್ಪಡಿಸಲು ಹೊರಟರು. ಹಾಗಾದರೆ ಆ ಮಾತು ಸುಳ್ಳೋ? ಸುಳ್ಳಲ್ಲ. ಬಹು ಬೆಲೆಯುಳ್ಳ ಸತ್ಯವು ತಪ್ಪಾದ ಕೈಗೆ ಸಿಕ್ಕಿದರೆ ಹೆಚ್ಚು ನೋಯಿಸುತ್ತದೆ, ಅಷ್ಟೇ. ಪಿಯಿಲಾನಿಯೂ ತನ್ನ ಪ್ರಾಣವು ತನ್ನೊಬ್ಬಳದಲ್ಲವೆಂದು ನಂಬಿದ್ದಳು. ಅದಕ್ಕಾಗಿಯೇ ರೋಗಿಯಾದ ಗಂಡನ ಮತ್ತು ಮಗನ ಸಂಗಡ ಹೋದಳು. ಕಾನೂನೂ ಅವಳೂ ಒಂದೇ ಮಾತನ್ನು ಹಿಡಿದುಕೊಂಡು ಎದುರುಬದುರು ನಿಂತರು. ಹೀಗಿರಲಾಗಿ, ಬೇರೆಯವರ ಕ್ಷೇಮದ ಹೆಸರಿನಲ್ಲಿ ಒಬ್ಬನನ್ನು ತಡೆಯುವಾಗ ಯಾವ ತಡೆಯು ನ್ಯಾಯವಾದದ್ದು, ಯಾವದು ಅನ್ಯಾಯವಾದದ್ದು ಎಂದು ಅಳೆಯುವ ಕೋಲು ಬೇಕು. ನನ್ನ ತಿಳುವಳಿಕೆಯ ಪ್ರಕಾರ ಆ ಕೋಲಿಗೆ ಮೂರು ಗುರುತುಗಳಿವೆ.

ಮೊದಲನೆಯದಾಗಿ, ಹೇಳುವ ಅಪಾಯವು ನಿಜವೋ? ಉಕ್ಕಿದ ಹೊಳೆಯ ಅಪಾಯವು ಕಣ್ಣಿಗೆ ಕಾಣುತ್ತದೆ. ಹಲಗೆಯ ಮೇಲಿನ ಗೀರುಗಳು ಅದಕ್ಕೆ ಸಾಕ್ಷಿ. ಕುಷ್ಠರೋಗಿಯ ಅಪಾಯವನ್ನಾದರೋ ಭಯವು ಬಹಳ ಹಿಗ್ಗಿಸಿತ್ತು. ಆ ಕಾಲದವರಿಗೆ ಈಗಿನ ತಿಳುವಳಿಕೆ ಇರಲಿಲ್ಲವೆಂಬದು ಸತ್ಯ. ಆದರೆ ತಿಳುವಳಿಕೆ ಕಡಿಮೆಯಿದ್ದಷ್ಟೂ ಕೈ ಮೆತ್ತಗಿರಬೇಕಾಗಿತ್ತು.

ಎರಡನೆಯದಾಗಿ, ತಡೆಯಲ್ಪಟ್ಟವನು ಕಳಕೊಳ್ಳುವದೇನು? ಹೊಳೆಯ ದಡದಲ್ಲಿ ನಿಂತವನು ಕಳಕೊಳ್ಳುವದು ಒಂದು ರಾತ್ರಿಯ ಊಟ, ಒಂದು ದಿವಸದ ಸಮಯ, ಸ್ವಲ್ಪ ಮಾನ. ಕೋವೊಲಾವು ಕಳಕೊಳ್ಳಬೇಕಾಗಿದ್ದದ್ದು ಹೆಂಡತಿಯನ್ನು, ಅದೂ ಮರಣದ ವರೆಗೆ. ಚಿಕ್ಕದನ್ನು ಕೇಳುವ ನ್ಯಾಯದಿಂದ ದೊಡ್ಡದನ್ನು ಕೇಳಕೂಡದು.

ಮೂರನೆಯದಾಗಿ, ತಡೆಯುವವನು ಆ ಭಾರದಲ್ಲಿ ತಾನೂ ಪಾಲು ತೆಗೆದುಕೊಳ್ಳುವನೋ? ಭಾರವನ್ನೆಲ್ಲಾ ಬಲಹೀನನ ಹೆಗಲಿಗೆ ಹಾಕಿ, ಕ್ಷೇಮವನ್ನೆಲ್ಲಾ ತಾನೇ ಇಟ್ಟುಕೊಳ್ಳುವವನ ಮಾತು ನ್ಯಾಯದ ಮಾತಲ್ಲ.

ಇಷ್ಟು ಹೇಳಿದ ಮೇಲೂ ಒಂದು ಸಂಗತಿಯನ್ನು ಮುಚ್ಚಿಡಲಾರೆನು. ಕೋವೊಲಾವಿನ ಗುಂಡಿನಿಂದ ಸತ್ತವರಿಗೂ ತಾಯಂದಿರಿದ್ದರು. ಅನ್ಯಾಯವಾಗಿ ಹಿಂಸಿಸಲ್ಪಟ್ಟವನ ಕೈಯೂ ರಕ್ತದಿಂದ ಕೆಂಪಾಗಬಹುದು. ಅವನ ನೋವು ನಮಗೆ ಕಣ್ಣೀರು ತರುತ್ತದೆಂದು ಆ ರಕ್ತವನ್ನು ನೀರೆಂದು ಹೇಳಬಾರದು. ಅವನ ದೋಷವೆಷ್ಟು, ಅವನನ್ನು ಅಲ್ಲಿಗೆ ಅಟ್ಟಿದವರ ದೋಷವೆಷ್ಟು ಎಂಬದನ್ನು ಸರಿಯಾಗಿ ತೂಗುವ ತಕ್ಕಡಿಯು ನಮ್ಮ ಕೈಯಲ್ಲಿಲ್ಲ.

ಇನ್ನು ಆ ಮೂರು ಗುರುತುಗಳಿಗೆ ಸರಿಬೀಳುವ ಒಂದು ತಡೆಯನ್ನೂ ಅದೇ ಹಾದಿಯಲ್ಲಿ ಕಾಣಬಹುದು. 2018ನೆಯ ಇಸವಿಯ ಏಪ್ರಿಲ್ 14 ಮತ್ತು 15ರಲ್ಲಿ, ಹನಲೇಯಿ ಊರಿನ ಹತ್ತಿರದ ವೈಪಾ ಎಂಬಲ್ಲಿ 24 ತಾಸುಗಳೊಳಗೆ 49.69 ಅಂಗುಲ, ಅಂದರೆ ನಾಲ್ಕು ಅಡಿಗೂ ಮೀರಿದ ಮಳೆ ಸುರಿಯಿತು. ಅಮೇರಿಕ ಸಂಸ್ಥಾನಗಳಲ್ಲಿ ಒಂದೇ ದಿವಸದಲ್ಲಿ ಅಷ್ಟು ಮಳೆಯನ್ನು ಅದಕ್ಕೆ ಮುಂಚೆ ಯಾರೂ ಅಳೆದಿರಲಿಲ್ಲ. ಗುಡ್ಡಗಳು ಜರಿದು ರಸ್ತೆಯ ಮೇಲೆ ಬಿದ್ದವು. ರಸ್ತೆಯ ಕೊನೆಯಲ್ಲಿದ್ದ ಹಾಯೆನಾ ಊರಿನವರು ಹೊರಗಿನಿಂದ ಬೇರ್ಪಟ್ಟರು. ಹಾದಿಯು ಒಂದು ವರುಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಅದಕ್ಕೆ ಮುಂಚೆ ಆ ಸ್ಥಳಕ್ಕೆ ದಿವಸಕ್ಕೆ ಎರಡು ಮೂರು ಸಾವಿರ ಜನರು ಬರುತ್ತಿದ್ದರು. ರಸ್ತೆಯ ಎರಡು ಪಕ್ಕದಲ್ಲಿ ಗಾಡಿಗಳನ್ನು ನಿಲ್ಲಿಸಿ, ಊರಿನವರಿಗೆ ತಮ್ಮ ಮನೆಗೆ ಹೋಗಲಿಕ್ಕೆ ದಾರಿಯಿಲ್ಲದಂತೆ ಮಾಡುತ್ತಿದ್ದರು. 2019ರ ಜೂನಿನಲ್ಲಿ ತಿರಿಗಿ ತೆರೆದಾಗ, ಹೊರಗಿನಿಂದ ಬರುವವರು ದಿವಸಕ್ಕೆ 900 ಜನರಿಗಿಂತ ಹೆಚ್ಚಾಗಬಾರದೆಂದೂ ಮುಂಚಿತವಾಗಿ ಸ್ಥಳ ಕಾದಿರಿಸಬೇಕೆಂದೂ ನಿಯಮವಾಯಿತು. ಎರಡನೆಯ ಮೈಲಿನಿಂದಾಚೆಗೆ ಹೋಗುವವರು ಪರವಾನಗಿಯನ್ನೂ ಪಡೆಯಬೇಕು.

ಈ ತಡೆಯನ್ನು ನಮ್ಮ ಕೋಲಿನಿಂದ ಅಳೆಯಿರಿ. ಅಪಾಯವು ನಿಜ: ಹೆಚ್ಚು ಜನ ಬಂದಷ್ಟು ಹೆಚ್ಚು ಜನ ಹೊಳೆಯಲ್ಲಿ ಸಿಕ್ಕುವರು, ಹಾದಿಯೂ ಸವೆಯುವದು. ಕಳಕೊಳ್ಳುವದು ಅಲ್ಪ: ಇಂದು ಆಗದಿದ್ದರೆ ಇನ್ನೊಂದು ದಿವಸ ಬರಬಹುದು. ಭಾರವು ಒಬ್ಬನ ಮೇಲಲ್ಲ: ಬರುವವರೆಲ್ಲರೂ ಸ್ವಲ್ಪ ಸ್ವಲ್ಪ ಹೊರುತ್ತಾರೆ, ಅತಿಥಿಗಳು ಕಡಿಮೆಯಾದರೆ ಆಗುವ ನಷ್ಟವನ್ನು ಆ ದೇಶದವರೂ ಹೊರುತ್ತಾರೆ. ಇಂಥ ನಿಯಮಕ್ಕೆ ತಲೆಬಾಗುವದರಿಂದ ಯಾರೂ ದಾಸರಾಗುವದಿಲ್ಲ.

ಈಗ ಮೊದಲಿನ ಹೊಳೆಯ ದಡಕ್ಕೆ ಹಿಂದಿರುಗುವ. ನಮ್ಮಲ್ಲಿ ಯಾರೂ ಆ ದ್ವೀಪಕ್ಕೆ ಹೋಗದೆ ಇರಬಹುದು. ಆದರೆ ಹೊಳೆಯು ಎಲ್ಲಾ ಊರಿನಲ್ಲಿ ಇದೆ. ಮಳೆಗಾಲದಲ್ಲಿ ಸಂಕ ಮುಳುಗಿದಾಗ ಸಂತೆಗೆ ತಡವಾಯಿತೆಂದು ದಾಟುವವನು, ದೋಣಿಗೆ ಹಿಡಿಸುವದಕ್ಕಿಂತ ಹೆಚ್ಚು ಜನರನ್ನು ಕಟ್ಟಿಕೊಳ್ಳುವವನು, ವೈದ್ಯನು ಬೇಡವೆಂದರೂ ಕುಡಿಯುವವನು, ಸೈಕಲ್ಲನ್ನೋ ಮೋಟಾರನ್ನೋ ಹುಚ್ಚುಹುಚ್ಚಾಗಿ ಓಡಿಸುವ ಹುಡುಗನು, ಎಲ್ಲರೂ ಒಂದೇ ಮಾತನ್ನು ಹೇಳುತ್ತಾರೆ: ಪ್ರಾಣ ನನ್ನದು. ಅವರಿಗೆ ಹೇಳತಕ್ಕ ಉತ್ತರವು ಇಷ್ಟೇ: ನೀನು ಮುಳುಗಿದರೆ ನೀರಿನಲ್ಲಿರುವದು ಸ್ವಲ್ಪ ಹೊತ್ತು, ನಿನ್ನ ತಾಯಿ ದಡದಲ್ಲಿ ನಿಂತಿರುವದು ಅವಳ ಆಯುಷ್ಯದ ಕೊನೆಯ ವರೆಗೆ.

ಹಾಗೆಂದು ಎಂದೂ ಇಳಿಯಬಾರದೆಂದು ನಾನು ಹೇಳುವದಿಲ್ಲ. ಇಳಿಯಬೇಕಾದ ಹೊಳೆಗಳೂ ಉಂಟು. ಪಿಯಿಲಾನಿಯು ಇಳಿದ ಕಡಿಬಂಡೆಯನ್ನು ಯಾವನೂ ವ್ಯರ್ಥವೆಂದು ಹೇಳಲಾರನು. ಹಗ್ಗ ಹಿಡಿದು ಇಳಿಯುವ ರಕ್ಷಕನನ್ನು ಯಾವನೂ ಮೂರ್ಖನೆನ್ನಲಾರನು. ಅವರಿಬ್ಬರೂ ಅಪಾಯಕ್ಕೆ ಹೋದರು. ಆದರೆ ಬೇರೊಬ್ಬನಿಗಾಗಿ ಹೋದರು, ಮತ್ತು ಅವರ ಕೆಲಸವು ನಾಳೆಯ ವರೆಗೆ ಕಾಯತಕ್ಕದ್ದಾಗಿರಲಿಲ್ಲ. ಆದದರಿಂದ ಇಳಿಯುವದಕ್ಕೆ ಮುಂಚೆ ಪ್ರತಿಯೊಬ್ಬನು ತನ್ನ ಮನಸ್ಸಾಕ್ಷಿಯನ್ನು ಕೇಳಲಿ: ಯಾರಿಗಾಗಿ ಇಳಿಯುತ್ತೇನೆ? ನಾನು ಬಿದ್ದರೆ ಯಾರು ಬರಬೇಕಾಗುವದು? ನಾಳೆಯ ವರೆಗೆ ಕಾಯಲಾಗದೋ?

ಕಾಯುವದನ್ನು ಹೇಡಿತನವೆಂದು ಯುವಕರು ನಗುತ್ತಾರೆ. ಆದರೆ 2014ರ ಆ ರಾತ್ರಿಯನ್ನು ನೆನಸಿರಿ. ಹೊಳೆ ಗರ್ಜಿಸುತ್ತಿತ್ತು, ಕತ್ತಲಾಗಿತ್ತು, ಈಚೆಯ ದಡವು ಹತ್ತಿರವೇ ಇತ್ತು. ಆ ದಡದಲ್ಲಿ ಒದ್ದೆಬಟ್ಟೆಯಲ್ಲಿ, ಹಸಿದ ಹೊಟ್ಟೆಯಲ್ಲಿ, ಒಬ್ಬರಿಗೊಬ್ಬರು ಅಪರಿಚಿತರಾಗಿ, ನೂರಕ್ಕೂ ಹೆಚ್ಚು ಜನರು ಬೆಳಗಾಗುವ ತನಕ ಕುಳಿತಿದ್ದರು. ಅವರು ಮಾಡಿದ್ದು ಅಷ್ಟೇ, ಕುಳಿತದ್ದು. ಆದಕಾರಣವೇ ಅವರು ಮನೆಗೆ ಹಿಂದಿರುಗಿದರು, ಮತ್ತು ಅವರನ್ನು ಕರತರಲು ಹೋದವರು ಶವಗಳನ್ನು ಹುಡುಕಬೇಕಾಗಿ ಬರಲಿಲ್ಲ.

ಹೊಳೆಯ ನೀರು ತಗ್ಗುತ್ತದೆ, ವಾಚಕರೇ. ಬೆಟ್ಟವು ನಾಳೆಯೂ ಅಲ್ಲಿಯೇ ಇರುತ್ತದೆ.